"ಸ್ವಲ್ಪ ವಿವೇಕದಿಂದ ಮಾತಾಡಮ್ಮ"

ನಿನ್ನೆ ಚಿಕ್ಕಮಗಳೂರಿನ ಹತ್ತಿರ ಒಂದು ಸಹಕಾರ ಸಂಘದ ಮಹಾಸಭೆಗೆ ಹೋಗಿದ್ದೆ. ಹೆಸರು ಬೇಡ, ಗೊತ್ತಿರೋರಿಗೆ ಗೊತ್ತು. ವರದಿ ಓದಿದ್ದಾಯಿತು. ಒಬ್ಬ ಹುಡುಗಿ ಎದ್ದು, ಸಾಗಣೆ ಖರ್ಚು ಹೋದ ವರ್ಷಕ್ಕಿಂತ ಇಷ್ಟು ಜಾಸ್ತಿ ಯಾಕಾಯಿತು ಅಂತ ಕೇಳಿದಳು. ಅಷ್ಟೇ. ವೇದಿಕೆ ಮೇಲಿದ್ದ ಹಿರಿಯರೊಬ್ಬರು ಶಾಲು ಸರಿಮಾಡಿಕೊಂಡು, "ಸ್ವಲ್ಪ ವಿವೇಕದಿಂದ ಮಾತಾಡಮ್ಮ" ಅಂದರು. ಮುಂದಿನ ಸಾಲಿನಿಂದ ಚಪ್ಪಾಳೆ. ಮುಗಿಯಿತು, ಎಲ್ಲರೂ ಊಟಕ್ಕೆ ಎದ್ದರು. ಕಡುಬು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ನಮ್ಮ ಕಡೆ ಯಾರನ್ನಾದರೂ ವಿವೇಕಿ ಅಂತ ಹೊಗಳಿದ್ದು ಕೇಳಿದ್ದೀರಾ? ಬೈಯೋಕೆ ಮಾತ್ರ 'ಅವಿವೇಕಿ', ಬಾಯಿ ಮುಚ್ಚಿಸೋಕೆ ಮಾತ್ರ 'ವಿವೇಕ'.

ಈ ಪದ ಬಂದಿರೋದು ಸಂಸ್ಕೃತದ 'ವಿಚ್' ಅನ್ನೋ ಧಾತುವಿನಿಂದ. ಬೇರೆ ಮಾಡು, ಕಾಳು ಕೇರಿ ಹೊಟ್ಟು ತೆಗೆ ಅಂತ ಅರ್ಥ. ಶೃಂಗೇರಿ ಇರೋ ಜಿಲ್ಲೆ ನಮ್ಮದು, ವೇದಾಂತ ಕೇಳಿದವರಿಗೇನೂ ಕಡಿಮೆ ಇಲ್ಲ. ವೇದಾಂತದಲ್ಲಿ ಸಾಧಕನಿಗೆ ಬೇಕು ಅನ್ನೋ ನಾಲ್ಕು ಅರ್ಹತೆಗಳಲ್ಲಿ ಮೊದಲನೆಯದೇ ನಿತ್ಯಾನಿತ್ಯ ವಸ್ತು ವಿವೇಕ. ಯಾವುದು ಉಳಿಯುತ್ತದೆ, ಯಾವುದು ಉಳಿಯೋದಿಲ್ಲ ಅಂತ ಬೇರೆ ಮಾಡಿ ನೋಡೋದು. ಸುಮ್ನೆ ಕೂರೋದು ಆ ನಾಲ್ಕರಲ್ಲಿ ಎಲ್ಲೂ ಇಲ್ಲ. (ಶಮ ದಮ ಇದೆಯಲ್ಲ ಅಂತ ವಾದಕ್ಕೆ ಬರಬೇಡಿ, ಅದು ಮನಸ್ಸು, ಇಂದ್ರಿಯ ಹಿಡಿತದಲ್ಲಿ ಇಟ್ಟುಕೊಳ್ಳೋದು, ಬೇರೆ.)

ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಸಿಪ್ಪೆ ತೆಗೆದು ಹಸನು ಮಾಡೋ ಕಡೆ, ಬೀಜ ಆರಿಸೋ ಹೆಂಗಸರನ್ನು ನೋಡಿ. ಕಪ್ಪು ಬೀಜ ಒಂದು ಕಡೆ, ಒಡೆದದ್ದು ಒಂದು ಕಡೆ, ದುಂಡಗಿನ ಪೀಬೆರಿ ಇನ್ನೊಂದು ಕಡೆ. ಆ ಹುಡುಗಿ ಲೆಕ್ಕದ ಹಾಳೆ ಇಟ್ಟುಕೊಂಡು ಮಾಡಿದ್ದೂ ಅದನ್ನೇ. ಅವಿವೇಕ ಯಾರದು ಸ್ವಾಮಿ?

ಕಚೇರಿಗಳಲ್ಲಿ ಅದೇ ಧಾತುವಿನ ಇನ್ನೊಂದು ಪದ ಓಡಾಡುತ್ತದೆ, ವಿವೇಚನಾಧಿಕಾರ, ಅಂದರೆ ಅಧಿಕಾರಿ ತಾನೇ ಯೋಚಿಸಿ ತೀರ್ಮಾನ ಮಾಡೋ ಅಧಿಕಾರ. ಅದನ್ನೂ ಮನಸ್ಸಿಗೆ ಬಂದ ಹಾಗೆ ಬಳಸೋ ಹಾಗಿಲ್ಲ, ಕಾರಣ ಬೇಕು ಅಂತ ಕೋರ್ಟುಗಳು ಹೇಳುತ್ತಲೇ ಬಂದಿವೆ. ನಮ್ಮ ಹಿರಿಯರಿಗೆ ಮಾತ್ರ ಕಾರಣ ಬೇಡ, ಶಾಲು ಸಾಕು.

ಅವರಿಗೆ ಬೇಕಾಗಿರೋದು ವಿವೇಕ ಅಲ್ಲ, ಜಾಣತನ. ಎದ್ದು ನಿಲ್ಲದೆ, ಯಾರನ್ನೂ ಎದುರು ಹಾಕಿಕೊಳ್ಳದೆ ತನ್ನ ಸಾಲ ಮಂಜೂರು ಮಾಡಿಸಿಕೊಳ್ಳೋದು. ಹಾಗಂತಲೇ ಹೇಳಲಿ, ನನ್ನ ತಕರಾರಿಲ್ಲ. ಆದರೆ ಜನವರಿ 12 ಬಂದರೆ ವಿವೇಕಾನಂದರ ಫೋಟೋಗೆ ಹಾರ ಹಾಕಿ, "ಏಳಿ, ಎದ್ದೇಳಿ" ಅಂತ ಹುಡುಗರಿಗೆ ಭಾಷಣ ಬಿಗಿಯೋರೂ ಇವರೇ. ನಿನ್ನೆ ಒಬ್ಬಳು ಎದ್ದಳಲ್ಲ, ಯಾಕೆ ಕೂರಿಸಿದಿರಿ?

ಎಲ್ಲಿ, ಯಾವಾಗ ಮಾತಾಡಬೇಕು ಅಂತ ತಿಳಿಯೋದೂ ವಿವೇಕವೇ ಅಲ್ವಾ ಅಂತ ಬೆಳಗ್ಗೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಹೌದಪ್ಪ, ಒಪ್ಪಿದೆ. ವರ್ಷಕ್ಕೊಂದು ಸಲ ಸೇರೋ ಮಹಾಸಭೆಯಲ್ಲಿ ಲೆಕ್ಕ ಕೇಳಬಾರದು ಅಂದರೆ ಬೀಗರೂಟದಲ್ಲಿ ಕೇಳಬೇಕಾ? ಅದಕ್ಕೂ ಸೈ. ಮುಂದಿನ ತಿಂಗಳು ಅಧ್ಯಕ್ಷರ ಮನೆಯಲ್ಲೇ ಮದುವೆ ಇದೆ.