ಚಡಾವು ಹತ್ತಿಸದೆ ಕಾರು ಆರಿಸುವುದು ಹೇಗೆ?

ಶನಿವಾರ ಅಕ್ಕನ ಮಗನ ಜೊತೆ ಕಾರು ನೋಡಲು ಹೋಗಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶೋರೂಮಿನ ಹುಡುಗ ನಮ್ಮನ್ನು ಹೊಸ ಹೆದ್ದಾರಿಗೆ ಕರೆದುಕೊಂಡು ಹೋದ. ನೇರ ರಸ್ತೆ, ಕಾರಿನಲ್ಲಿ ನಾವು ಮೂರೇ ಜನ. ಎರಡು ಕಿಲೋಮೀಟರ್ ಒತ್ತಿ ಓಡಿಸಿ ವಾಪಸ್. "ಮಾವ, ಪಿಕಪ್ ನೋಡಿದ್ರಲ್ಲ!" ಎಂದ ಅಳಿಯ. ಒಂದು ಚಡಾವಿಗೆ, ಅಂದ್ರೆ ಏರು ರಸ್ತೆಗೆ, ಹತ್ತಿಸಿ ನೋಡೋಣವಾ ಎಂದು ಕೇಳಿದೆ. ಅಷ್ಟು ದೂರ ಬಿಡುವುದಿಲ್ಲವಂತೆ. ಎಂಟು ಹತ್ತು ಲಕ್ಷ ಕೊಡುವವನಿಗೆ ಒಂದು ಚಡಾವು ತೋರಿಸಲು ಆಗುವುದಿಲ್ಲ ಅಂದ್ರೆ ಏನರ್ಥ?

ಅಕ್ಕನ ಮನೆ ಕಾಸರಗೋಡು ಜಿಲ್ಲೆಯ ಆದೂರಿನ ಹತ್ತಿರ. ಚೆರ್ಕಳ–ಜಾಲ್ಸೂರು ರಸ್ತೆ ನಿಮಗೆಲ್ಲ ಗೊತ್ತಲ್ಲ. ತಿರುವು, ಇಳಿಜಾರು, ಕೂಡಲೇ ಚಡಾವು, ಎದುರಿಗೆ ಬಸ್ಸು. ಮಳೆಗಾಲದಲ್ಲಿ ಗುಡ್ಡದ ಕೆಂಪು ಮಣ್ಣು ರಸ್ತೆಗೇ ಇಳಿದಿರುತ್ತದೆ. ಹಿಂದಿನ ಸೀಟಿನಲ್ಲಿ ಅಕ್ಕ, ಭಾವ. ಡಿಕ್ಕಿಯಲ್ಲಿ ಅಡಿಕೆ ಗೋಣಿ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವ ಲೆಕ್ಕ ಅಲ್ಲಿ ಯಾತಕ್ಕೆ?

ಅಳಿಯನ ಮನಸ್ಸಿನಲ್ಲಿರುವುದು ಎರಡು ಕಾರು. ಹ್ಯುಂಡೈನ ಐ20 ಎನ್ ಲೈನ್‌ಗೆ 120 ಪಿಎಸ್ (ಎಂಜಿನ್ನಿನ ಶಕ್ತಿಯ ಅಳತೆ), 2024ರ ಹೊಸ ಸ್ವಿಫ್ಟ್‌ಗೆ 82. ಫೋನಿನಲ್ಲಿ ವಿಡಿಯೊ ನೋಡುವ ಹುಡುಗರು ಅಲ್ಲಿಗೇ ನಿಲ್ಲುತ್ತಾರೆ. ಎಳೆತ (ಟಾರ್ಕ್, ಎನ್‌ಎಂ ಅದರ ಅಳತೆ) ಎಲ್ಲಿಂದ ಶುರುವಾಗುತ್ತದೆ ಅಂತ ನೋಡಿ. ಎನ್ ಲೈನ್‌ನ ಒಂದು ಲೀಟರ್ ಟರ್ಬೊ (ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ) ಎಂಜಿನ್ 1500 ಆರ್‌ಪಿಎಂನಲ್ಲೇ, ಅಂದ್ರೆ ನಿಮಿಷಕ್ಕೆ 1500 ಸುತ್ತಿನಲ್ಲೇ, 172 ಎನ್‌ಎಂ ಕೊಡುತ್ತದೆ, 4000ದವರೆಗೂ ಅಷ್ಟೇ ಇರುತ್ತದೆ. ಸ್ವಿಫ್ಟ್‌ನ 112 ಎನ್‌ಎಂ ಪೂರ್ತಿ ಸಿಗಬೇಕಾದರೆ 4300ಕ್ಕೆ ಏರಬೇಕು. ಬಸ್ಸಿಗೆ ದಾರಿ ಬಿಟ್ಟು ಚಡಾವಿನಲ್ಲಿ ಮತ್ತೆ ಹೊರಡುವಾಗ ಇದು ಕಾಲಿಗೇ ಗೊತ್ತಾಗುತ್ತದೆ. ಸ್ವಿಫ್ಟ್‌ನಲ್ಲಿ ಗೇರ್ ಇಳಿಸಿ ಎಂಜಿನನ್ನು ಕೂಗಿಸಬೇಕು. ಹಾಗಂತ 1500ರ ಕೆಳಗೆ ಬಿದ್ದರೆ ಟರ್ಬೊ ಕೂಡ ಒಂದು ಕ್ಷಣ ತಡವರಿಸುತ್ತದೆ. ಸ್ವಿಫ್ಟ್ ಹಗುರ, ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಎನ್ ಲೈನ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಆದರೆ ಸಸ್ಪೆನ್ಷನ್ ಗಟ್ಟಿ. ಅಕ್ಕನಿಗೆ ಮೊದಲೇ ಬೆನ್ನುನೋವು. ನೇರ ರಸ್ತೆಯಲ್ಲಿ ಇದರಲ್ಲಿ ಯಾವುದು ಗೊತ್ತಾಗುತ್ತದೆ ಹೇಳಿ?

"ಈಗ ಆರು ಪಥ ಆಯ್ತಲ್ಲ, ಮಂಗಳೂರಿಗೆ ಹೋಗುವಾಗ ಪವರ್ ಬೇಡ್ವಾ?" ಎನ್ನುತ್ತಾನೆ ಅಳಿಯ. ಕೇರಳದಲ್ಲಿ ಆರು ಪಥದ ಹೆದ್ದಾರಿಗೆ ಮಿತಿ 110. ಎರಡೂ ಕಾರು ಆರಾಮಾಗಿ ಅಷ್ಟು ಹೋಗುತ್ತವೆ. ಮಂಗಳೂರಿಗೆ ಹೋಗುವುದು ತಿಂಗಳಿಗೆ ಎರಡು ಸಲ. ಆದೂರಿನ ತಿರುವು ದಿನಾ ಇದೆ.

ಇಷ್ಟು ಹಟ ಯಾಕೆ ಅಂದ್ರೆ, ಕಳೆದ ಜುಲೈಯಲ್ಲಿ ನಾನೇ ಅದೇ ರಸ್ತೆಯ ಪರಪ್ಪದ ಕಾಡಿನ ತಿರುವಿನಲ್ಲಿ ಜಾರಿದ್ದೆ. ವೇಗ ನಲವತ್ತೂ ಇರಲಿಲ್ಲ. ಟಯರ್ ಸವೆದಿತ್ತು, ಮುಂದಿನ ತಿಂಗಳು ಹಾಕಿಸಿದರಾಯ್ತು ಅಂತ ಬಿಟ್ಟಿದ್ದೆ. ಚರಂಡಿಗೆ ಒಂದು ಮೊಳ ಇರುವಾಗ ಕಾರು ನಿಂತಿತು. ಹಿಂದೆ ಕೂತಿದ್ದ ಅಮ್ಮ ಒಂದು ಮಾತೂ ಆಡಲಿಲ್ಲ. ಮನೆ ಮುಟ್ಟುವವರೆಗೂ ನನ್ನ ಹೆಗಲ ಮೇಲೆ ಕೈ ಇಟ್ಟೇ ಇದ್ದರು. ಆ ಕೈಯ ನಡುಕ ಇನ್ನೂ ಮರೆತಿಲ್ಲ.

ಬುಕಿಂಗ್ ಇನ್ನೂ ಮಾಡಿಸಿಲ್ಲ. ಮುಳ್ಳೇರಿಯ ಕಡೆ ಎನ್ ಲೈನ್ ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಂದು ದಿನ ಅಕ್ಕ ಭಾವನನ್ನು ಕೂರಿಸಿಕೊಂಡು, ಎರಡು ಗೋಣಿ ಹಾಕಿಕೊಂಡು, ಪರಪ್ಪದವರೆಗೆ ಹೋಗಿ ಬರೋಣ. ಪೆಟ್ರೋಲ್ ನಾನು ಹಾಕಿಸುತ್ತೇನೆ.