ಕೈಯಲ್ಲೇ ಮೀನು, ಕೈಯಲ್ಲೇ ಅಲೆ: ನಮ್ಮೂರ ಟಿವಿಗೆ ಇದು ಯಾಕೆ ಬರಲಿಲ್ಲ?

ಇಂಗ್ಲೆಂಡಿನ ಮಕ್ಕಳ ಟಿವಿಯನ್ನು ಹೊಗಳಬೇಕು ಅಂತ ನನಗೇನೂ ಹಟವಿಲ್ಲ. ಅಲ್ಲಿ ಬರುವುದರಲ್ಲಿ ಮುಕ್ಕಾಲು ಪಾಲು ಸುಮ್ನೆ ಬಣ್ಣ, ಸುಮ್ನೆ ಗಲಾಟೆ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಮೈಸೂರಿನವನಾಗಿ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಕೈಸನ್ನೆ ಅನ್ನುವುದು ಕಿವಿ ಕೇಳಿಸದ ಮಕ್ಕಳಿಗೆ ಮಾತ್ರ ಅಂತ ಅವರು ಬೇರೆ ಎತ್ತಿಡಲಿಲ್ಲ. ಎಲ್ಲ ಮಕ್ಕಳೂ ನೋಡುವ ಚಾನೆಲ್ಲಿನಲ್ಲೇ, ಆಟದ ಜೊತೆ ಸೇರಿಸಿ ಹಾಕಿಬಿಟ್ಟರು.

ಬಿಬಿಸಿಯ ಪುಟ್ಟ ಮಕ್ಕಳ ಚಾನೆಲ್ ಸಿಬೀಬೀಸ್‌ನಲ್ಲಿ 2003ರಲ್ಲಿ 'ಸಮ್‌ಥಿಂಗ್ ಸ್ಪೆಷಲ್' ಅನ್ನುವ ಕಾರ್ಯಕ್ರಮ ಶುರುವಾಯಿತು. ನಡೆಸಿಕೊಡುವವರು ಜಸ್ಟಿನ್ ಫ್ಲೆಚರ್. ಮಿಸ್ಟರ್ ಟಂಬಲ್ ಅನ್ನುವ ಕೋಡಂಗಿಯ ವೇಷವೂ ಅವರದೇ. ಆ ಕೋಡಂಗಿ ಹತ್ತಿರ ಚುಕ್ಕೆ ಚುಕ್ಕೆ ಚೀಲ ಒಂದಿದೆ. ಹೊರಗೆ ಹೋದಾಗ ಏನೇನು ಹುಡುಕಬೇಕು ಅನ್ನುವುದು ಆ ಚೀಲದಿಂದ ಗೊತ್ತಾಗುತ್ತದೆ, ಜಸ್ಟಿನ್ ಮಕ್ಕಳ ಜೊತೆ ಹೋಗಿ ಹುಡುಕುತ್ತಾರೆ. ಆ ಮಕ್ಕಳಲ್ಲಿ ಹಲವರು ಮಾತು ತಡವಾದವರು, ಕಲಿಕೆ ನಿಧಾನವಾದವರು, ಗಾಲಿಕುರ್ಚಿಯಲ್ಲಿ ಕೂತವರು. ಹಿಂದೆ ಅಳುವ ಪಿಟೀಲು ಇಲ್ಲ, 'ಪಾಪ' ಅನ್ನುವ ಮುಖಭಾವವೂ ಇಲ್ಲ. ಆಡುತ್ತಾರೆ, ಅಷ್ಟೇ.

ಅದರಲ್ಲಿ ಬಳಸುವುದು ಮೆಕಟನ್. ಮಾರ್ಗರೆಟ್ ವಾಕರ್ ಅನ್ನುವ ಸ್ಪೀಚ್ ಥೆರಪಿಸ್ಟ್ 1970ರ ದಶಕದಲ್ಲಿ ಸಹೋದ್ಯೋಗಿಗಳ ಜೊತೆ ಸೇರಿ ರೂಪಿಸಿದ ಪದ್ಧತಿ ಇದು. ಬಾಯಲ್ಲಿ ಪೂರ್ತಿ ವಾಕ್ಯ ಹೇಳುವುದು, ಕೈಯಲ್ಲಿ ಮುಖ್ಯವಾದ ಮಾತಿಗೆ ಮಾತ್ರ ಸನ್ನೆ ಮಾಡುವುದು. 'ಅಗೋ, ದೊಡ್ಡ ಮೀನು ನೋಡು' ಅನ್ನುವಾಗ ದೊಡ್ಡದು, ಮೀನು ಎರಡಕ್ಕೇ ಕೈ ಏಳುತ್ತದೆ. ಮೀನಿಗೆ ಅಂಗೈಯನ್ನು ಅಡ್ಡ ಹಿಡಿದು ಬಳುಕಿಸುತ್ತಾ ಮುಂದೆ ತಳ್ಳಬೇಕು. ಐಸ್‌ಕ್ರೀಮಿಗೆ ಕೋನ್ ಹಿಡಿದ ಹಾಗೆ ಮುಷ್ಟಿ ಮಾಡಿ ನೆಕ್ಕಬೇಕು. ದೋಣಿಗೆ ಎರಡೂ ಕೈಯ ಬೆರಳ ತುದಿ ಜೋಡಿಸಿ ನೀರು ಸೀಳಿದ ಹಾಗೆ. ನನ್ನ ಮಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಬಾಯಂತೂ ಕೇಳಲೇಬೇಡಿ. ಅವಳೂ ಇದನ್ನೆಲ್ಲ ಕಲಿತಿದ್ದಾಳೆ. ಇಂಗ್ಲೆಂಡಿನ ಅವಳ ನರ್ಸರಿಯಲ್ಲಿ ಮಕ್ಕಳೆಲ್ಲ ಕಲಿಯುತ್ತಾರೆ. ನಾನು ಹೇಳುತ್ತಿರುವುದು ಇದನ್ನೇ.

ಮೀನು, ಐಸ್‌ಕ್ರೀಮು, ದೋಣಿ, ಎಲ್ಲ ಕಡಲ ದಡದ್ದೇ. ಸಮುದ್ರದ ಮೇಲೆ ಅವರಿಗೆ ಇಷ್ಟು ಪ್ರೀತಿ ಇರುವುದಕ್ಕೆ ಕಾರಣ ಇದೆ. ಇಂಗ್ಲೆಂಡಿನಲ್ಲಿ ಎಲ್ಲಿ ನಿಂತರೂ ಕಡಲು 113 ಕಿ.ಮೀ.ಗಿಂತ ದೂರ ಇಲ್ಲ. ಬಿಸಿಲು ಬಂತೋ, ಬಕೆಟ್ಟು ಸಲಿಕೆ ಕಾರಿಗೆ ಹಾಕು, ನಡಿ. ಮೈಸೂರಿನಿಂದ ಮಂಗಳೂರಿಗೇ ಸುಮಾರು 250 ಕಿ.ಮೀ., ಅದೂ ಘಟ್ಟ ಇಳಿದು. ಮಂಡ್ಯದ ಮಗುವಿಗೆ ಅಲೆ ಅಂದರೆ ಟಿವಿಯಲ್ಲಿ ಕಂಡದ್ದು. ನೀರು ಅಂದರೆ ನಾಲೆ, ಕೆರೆ, ಕನ್ನಂಬಾಡಿ ಕಟ್ಟೆ. ಹಾಗಂತ ಮರಳಿಗೆ ನಮ್ಮಲ್ಲಿ ಬರವೇ? ತಲಕಾಡು ಇಲ್ವಾ?

ಕಳೆದ ಸಲ ಊರಿಗೆ ಬಂದಾಗ ಎಲ್ಲರೂ ತಲಕಾಡಿಗೆ ಹೋಗಿದ್ದೆವು. ಅಕ್ಕನ ಮಗನಿಗೆ ಮೂರು ದಾಟಿದೆ, ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಹೊಳೆ ದಡದಲ್ಲಿ ನನ್ನ ಮಗಳು ಖಾಲಿ ಎಳನೀರು ಬುರುಡೆಗೆ ಒದ್ದೆ ಮರಳು ತುಂಬಿ ಬೋರಲು ಹಾಕುತ್ತಿದ್ದಳು. ಇವನು ಅದನ್ನು ಕಾಲಲ್ಲಿ ಒದ್ದು ಕೆಡವುತ್ತಿದ್ದ. ಪಕ್ಕದಲ್ಲಿ ಯಾರೋ ಮೀನು ಹುರಿಯುತ್ತಿದ್ದರು. ಮಗಳು ಮೂಗು ಮುಚ್ಚಿಕೊಂಡು ಕೈಯಲ್ಲಿ ಮೀನು ಮಾಡಿದಳು. ಅವನು ನೋಡಿದ, ತಾನೂ ಮಾಡಿದ, ಜೊತೆಗೆ 'ಮೀ' ಅಂದ. ತೆಪ್ಪ ಬಂದಾಗ ಇವಳು ಇಂಗ್ಲೆಂಡಿನ ಚೂಪು ಮೂತಿಯ ದೋಣಿ ಮಾಡಿದರೆ ಅವನಿಗೆ ಅದು ಒಪ್ಪಿಗೆಯೇ ಆಗಲಿಲ್ಲ. ತೆಪ್ಪ ಗುಂಡಗಿತ್ತು, ಅವನು ಎರಡೂ ತೋಳು ಸೇರಿಸಿ ಗುಂಡಗೆ ಮಾಡಿ ಗಿರಗಿರ ತಿರುಗಿದ.

ಅಷ್ಟರಲ್ಲಿ ದೊಡ್ಡಮ್ಮ ಶುರು ಮಾಡಿದರು. 'ಲೋ, ಮಗೂಗೆ ಮಾತು ಕಲ್ಸೋದು ಬಿಟ್ಟು ಮೂಗರ ಥರ ಕೈ ಆಡ್ಸೋದು ಕಲಿಸ್ತೀರಲ್ಲೋ!'

ಈ ಮಾತು ಮೈಸೂರಿನ ಬಹಳ ಮನೆಗಳಲ್ಲಿ ಕೇಳುತ್ತದೆ. ಕೈ ಬಂದರೆ ಬಾಯಿ ಬರುವುದಿಲ್ಲ ಅನ್ನುವ ಭಯ. ಆ ಭಯಕ್ಕೆ ಆಧಾರ ಇಲ್ಲ. ಹಾಗೆಯೇ, ಸನ್ನೆ ಕಲಿಸಿದರೆ ಮಗು ಬೇಗ ಮಾತಾಡುತ್ತದೆ ಅಂತ ದುಡ್ಡು ಕೀಳುವ ಇಂಗ್ಲೆಂಡಿನ 'ಬೇಬಿ ಸೈನ್' ಕ್ಲಾಸುಗಳನ್ನೂ ನಾನು ನಂಬುವುದಿಲ್ಲ. ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು 40 ಕೂಸುಗಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸನ್ನೆ ಕಲಿತ ಕೂಸುಗಳ ಮಾತು ಮುಂದೆ ಓಡಲೂ ಇಲ್ಲ, ಹಿಂದೆ ಬೀಳಲೂ ಇಲ್ಲ. ಬದಲಾದವರು ತಾಯಂದಿರು. ಮಗು ಬಾಯಿ ಬಿಡದೆ ಹೇಳುವುದನ್ನು ಅವರು ಜಾಸ್ತಿ ಗಮನಿಸತೊಡಗಿದರು. ನನಗಂತೂ ಅಷ್ಟು ಸಾಕು.

ಅಲ್ಲದೆ ನಾವೇನು ಕೈ ಕಟ್ಟಿಕೊಂಡು ಮಾತಾಡುವ ಜನವೇ? ಕೂತು ಆಡುವ ವಯಸ್ಸಿನ ಕೂಸಿಗೆ ತಾರಮ್ಮಯ್ಯ ಆಡಿಸುತ್ತೇವೆ. ಮಕ್ಕಳು ಅಂಗೈ ನೆಲಕ್ಕೆ ಊರಿ ಅವಲಕ್ಕಿ ಪವಲಕ್ಕಿ ಆಡುತ್ತಾರೆ. ಜಗಳ ಆದರೆ ಟೂ. ಇಸ್ಕೂಲಿನಲ್ಲಿ ಕಿರುಬೆರಳು ಎತ್ತಿದರೆ ಮಿಸ್ಸಿಗೆ ಅರ್ಥ ಆಗುತ್ತದೆ, ಇಡೀ ಕರ್ನಾಟಕದಲ್ಲಿ ಯಾರೂ ಅದಕ್ಕೆ ನಿಘಂಟು ನೋಡಬೇಕಿಲ್ಲ. ಇಷ್ಟೆಲ್ಲ ಇದ್ದೂ ಸನ್ನೆ ಭಾಷೆ ಅಂದ ಕೂಡಲೇ ಮುಖ ಸಿಂಡರಿಸುತ್ತೇವೆ. ನಮ್ಮ ತಲೆಮಾರು ಟಿವಿಯಲ್ಲಿ ಸನ್ನೆ ನೋಡಿದ್ದು 1987ರಲ್ಲಿ ಶುರುವಾದ ದೂರದರ್ಶನದ ಭಾನುವಾರದ ವಾರ್ತೆಯಲ್ಲಿ. ಅದು ಬಂತು ಅಂದರೆ ಮನೆಮಂದಿ ಊಟಕ್ಕೆ ಏಳುತ್ತಿದ್ದರು. ಅದು 'ಅವರ' ಕಾರ್ಯಕ್ರಮ, ನಮ್ಮದಲ್ಲ.

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲೇ ದೇಶಕ್ಕೆಲ್ಲ ಹೆಸರಾದ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1960ರ ದಶಕದಿಂದ. ಊರೂರಿಂದ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬರುತ್ತಾರೆ. ತಿಲಕ್ ನಗರದಲ್ಲಿ ಕಿವುಡ ಮಕ್ಕಳ ಹಳೆಯ ಸರ್ಕಾರಿ ಶಾಲೆ ಇದೆ. ಅಂದರೆ ತಿಳಿದವರು, ಬಳಸುವವರು ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಇಲ್ಲದೆ ಇರುವುದು ಪಕ್ಕದ ಮನೆಯ ಮಗು. ಅದಕ್ಕೆ ಯಾರೂ ಏನೂ ಕಲಿಸಿಲ್ಲ, ಹಾಗಾಗಿ ಆ ಮಕ್ಕಳನ್ನು ಆಟಕ್ಕೆ ಕರೆಯುವುದು ಹೇಗೆ ಅಂತ ಅದಕ್ಕೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಮಿಸ್ಟರ್ ಟಂಬಲ್ ಹಾಕಿ ಮಗುವನ್ನು ಕೂರಿಸಿದರೆ ಕೆಲಸ ಆಗುವುದಿಲ್ಲ. ಆ ಸನ್ನೆಗಳನ್ನು ಆಯ್ದದ್ದು ಬ್ರಿಟಿಷ್ ಸನ್ನೆ ಭಾಷೆಯಿಂದ, ನಮ್ಮ ದೇಶದ ಸನ್ನೆ ಭಾಷೆ ಬೇರೆ. ಮೆಕಟನ್ ಒಂದು ಭಾಷೆಯೂ ಅಲ್ಲ. ಕಿವುಡರ ಭಾಷೆಗೆ ಅದರದೇ ವ್ಯಾಕರಣ ಇದೆ, ಬ್ರಿಟನ್ನಿನಲ್ಲಿ ಅದಕ್ಕಾಗಿ 2022ರಲ್ಲಿ ಕಾನೂನೇ ಬಂತು. ಹತ್ತಿಪ್ಪತ್ತು ಸನ್ನೆ ಕಲಿತು 'ನನಗೆ ಸೈನ್ ಲ್ಯಾಂಗ್ವೇಜ್ ಬರುತ್ತೆ' ಅನ್ನುವ ಅಪ್ಪ ಅಮ್ಮಂದಿರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಆ ಜಂಬ ನಮಗೆ ಬೇಡ.

ನಮಗೆ ಬೇಕಾದ ಸಾಮಾನು ದೆಹಲಿಯಲ್ಲಿದೆ. 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ನಿಘಂಟು ಮಾಡಿದೆ, ವಿಡಿಯೋ ಸಮೇತ. ಮೀನು, ನೀರು, ನಿಲ್ಲು, ಬಾ ಇವನ್ನು ಕಲಿಯಲು ಫೀಸು ಕಟ್ಟಬೇಕಿಲ್ಲ. ಟಿವಿ ಮುಂದೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಜೊತೆಗೆ ಕೂತು ಕೈ ಆಡಿಸಿ. ಐದು ವರ್ಷದೊಳಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಎರಡು ವರ್ಷ ತುಂಬದ ಕೂಸಿಗೆ ಟಿವಿಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಟಿವಿ ಆರಿಸಿದ ಮೇಲೆ ಬಕೆಟ್ ನೀರು, ಒಂದು ಬುಟ್ಟಿ ಮರಳು, ಎರಡು ಚಿಪ್ಪು ಸಾಕು. ಬಲಮುರಿಗೆ ಹೋದಾಗ ಇದು ಆಟವಾಗಿ ಮಾತ್ರ ಉಳಿಯುವುದಿಲ್ಲ. ಅಲ್ಲಿ ನೀರಿನ ಸದ್ದಿಗೆ ಕೂಗು ಕೇಳಿಸುವುದಿಲ್ಲ, ಬಂಡೆ ಮೇಲೆ ಮಗು ಅಷ್ಟು ದೂರ ಹೋಗಿರುತ್ತದೆ. ನಿಲ್ಲು ಅನ್ನುವ ಕೈ ಮಗುವಿಗೆ ಗೊತ್ತಿದ್ದರೆ ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ.

ಚಂದನ ವಾಹಿನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳುವುದು ಇಷ್ಟೇ. ಸಂಜೆ ಹೊತ್ತು ಹತ್ತು ನಿಮಿಷ ಕೊಡಿ. ಕಡಲು ಬೇಡ, ಕಾವೇರಿ ದಡ ಇರಲಿ. ತೆಪ್ಪ, ಏಡಿ, ಕಬ್ಬಿನ ಗಾಡಿ, ಮರಳು ಇರಲಿ. ಸನ್ನೆ ಕಲಿಸುವವರು ಕಿವುಡರೇ ಆಗಿರಲಿ, ಅವರಿಗೆ ಸಂಬಳ ಕೊಡಿ. ಮೂಲೆಯಲ್ಲಿ ಒಂದು ಚಿಕ್ಕ ಚೌಕ ಮಾಡಿ ಅದರಲ್ಲಿ ಅವರನ್ನು ನಿಲ್ಲಿಸಬೇಡಿ, ಪರದೆಯ ನಡುವಿಗೆ ಕರೆದುಕೊಂಡು ಬನ್ನಿ.