ಮೊದಲ ಮದುವೆಗೆ ಸಹಾಯಕರಾಗಿ ಹೋಗುತ್ತಿದ್ದೀರಾ? ಲೆನ್ಸ್ ಆಮೇಲೆ, ಮೊದಲು ಗಡಿಯಾರ

ಮದುವೆ ಫೋಟೊ ತೆಗೆಯುವವರ ಜೊತೆ ಮೊದಲ ಸಲ ಸಹಾಯಕರಾಗಿ ಹೊರಟವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಯಾವ ಲೆನ್ಸ್ ತರಲಿ?" ಕೇಳಬೇಕಾದದ್ದು ಬೇರೆ ಇದೆ: "ನಿಮ್ಮ ಕ್ಯಾಮೆರಾದಲ್ಲಿ ಈಗ ಗಂಟೆ ಎಷ್ಟು?"

ತಮಾಷೆಗೆ ಹೇಳುತ್ತಿಲ್ಲ. ಮದುವೆ ಮುಗಿದ ಮೇಲೆ ಇಬ್ಬರು ತೆಗೆದ ಫೋಟೊಗಳೂ ಒಂದೇ ಕಂಪ್ಯೂಟರಿಗೆ ಬಂದು, ತೆಗೆದ ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ. ನಿಮ್ಮ ಕ್ಯಾಮೆರಾ ಏಳು ನಿಮಿಷ ಹಿಂದಿದ್ದರೆ ವಧು ಬಾಗಿಲು ದಾಟುವ ಮೊದಲೇ ವೇದಿಕೆಯ ಮೇಲೆ ನಿಂತಿರುತ್ತಾಳೆ. ಮೂರ್ನಾಲ್ಕು ಸಾವಿರ ಫೋಟೊಗಳ ನಡುವೆ ಇಂಥ ಗೊಂದಲ ಬಿಡಿಸುವವರು ನೀವಲ್ಲ, ಮುಖ್ಯ ಛಾಯಾಗ್ರಾಹಕರು. ಮುಂದಿನ ಮದುವೆಗೆ ನಿಮ್ಮನ್ನು ಕರೆಯಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಆ ರಾತ್ರಿಯೇ ತೀರ್ಮಾನವಾಗಿಬಿಡುತ್ತದೆ.

ಪರಿಹಾರಕ್ಕೆ ಎರಡು ನಿಮಿಷ ಸಾಕು. ಅಂದೇ ಬೆಳಿಗ್ಗೆ, ಹಿಂದಿನ ವಾರ ಅಲ್ಲ, ಎಲ್ಲ ಕ್ಯಾಮೆರಾಗಳ ಸಮಯವನ್ನು ಒಂದೇ ಮೊಬೈಲ್ ನೋಡಿಕೊಂಡು ಹೊಂದಿಸಿ. ಕ್ಯಾಮೆರಾ ಗಡಿಯಾರ ದಿನ ಕಳೆದಂತೆ ಕೆಲವು ಸೆಕೆಂಡು ಆಚೀಚೆ ಸರಿಯುತ್ತದೆ. ಟೈಮ್ ಜೋನ್ ಮತ್ತು ಬೇಸಿಗೆ ಸಮಯದ (ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಆಯ್ಕೆಗಳನ್ನೂ ನೋಡಿ, ಸರಿಯಾಗಿ ಒಂದು ಗಂಟೆ ವ್ಯತ್ಯಾಸ ಬಂದರೆ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಆಮೇಲೆ ಸೆಕೆಂಡು ತೋರಿಸುತ್ತಿರುವ ಮೊಬೈಲ್ ಪರದೆಯನ್ನು ಪ್ರತಿ ಕ್ಯಾಮೆರಾದಲ್ಲೂ ಒಮ್ಮೆ ಕ್ಲಿಕ್ಕಿಸಿ. ಒಂದುವೇಳೆ ತಪ್ಪಾಗಿದ್ದರೂ ಎಷ್ಟು ತಪ್ಪಿದೆ ಎಂಬುದಕ್ಕೆ ಆ ಫೋಟೊ ಸಾಕ್ಷಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಕ್ಯಾಮೆರಾದ ಎಲ್ಲ ಫೋಟೊಗಳ ಸಮಯವನ್ನೂ ಒಟ್ಟಿಗೆ ಸರಿಸಬಹುದು, ಆದರೆ ಎಷ್ಟು ಸರಿಸಬೇಕು ಅಂತ ಗೊತ್ತಿರಬೇಕಲ್ಲ.

ಇದರ ಜೊತೆಗೇ ಫೈಲ್ ಹೆಸರು. ಕ್ಯಾಮೆರಾದ ಫೈಲ್ ಸಂಖ್ಯೆ ಸಾಮಾನ್ಯವಾಗಿ ನಾಲ್ಕು ಅಂಕಿಯದು, 9999 ಆದ ಮೇಲೆ ಮತ್ತೆ 0001. ಒಂದೇ ಕಂಪನಿಯ ಎರಡು ಕ್ಯಾಮೆರಾಗಳಿದ್ದರೆ ಒಂದೇ ಹೆಸರಿನ ಎರಡು ಫೋಟೊ ಹುಟ್ಟುವುದು ಸಹಜ. ಎರಡನ್ನೂ ಒಂದೇ ಫೋಲ್ಡರಿಗೆ ಹಾಕುವಾಗ ನಿದ್ದೆಗಣ್ಣಲ್ಲಿ 'ರಿಪ್ಲೇಸ್' ಒತ್ತಿದರೆ ಒಬ್ಬರ ಕೆಲಸ ಅಳಿಸಿಹೋಗುತ್ತದೆ. ಹೆಸರಿನ ಮೊದಲ ಮೂರು ಅಕ್ಷರ ಬದಲಿಸುವ ಅವಕಾಶ ಹಲವು ಕ್ಯಾಮೆರಾಗಳಲ್ಲಿದೆ. ಮೊದಲೇ ಬದಲಿಸಿ.

ಈಗ ಕೆಲಸಕ್ಕೆ ಬರೋಣ. ಸಹಾಯಕ ಅನ್ನುವ ಒಂದೇ ಹೆಸರಿನಲ್ಲಿ ಮೂರು ಕೆಲಸ ಅಡಗಿವೆ: ಲೈಟ್ ಹಿಡಿಯುವುದು, ಎರಡನೇ ಕ್ಯಾಮೆರಾ ಓಡಿಸುವುದು, ಬ್ಯಾಗು-ಬ್ಯಾಟರಿ-ಕಾರ್ಡ್ ಕಾಯುವುದು. ನಿಮ್ಮದು ಯಾವುದು ಎಂದು ಹಿಂದಿನ ದಿನವೇ ಕೇಳಿ. ಲೈಟ್ ಹಿಡಿ ಅಂದರೆ ಮುಖ ಸಣ್ಣ ಮಾಡಿಕೊಳ್ಳುವವರು ಬಹಳ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಮದುವೆಯಲ್ಲಿ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಒಳ್ಳೆಯ ಛಾಯಾಗ್ರಾಹಕರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಕಾಯುತ್ತಾರೆ, ಯಾವಾಗ ಕ್ಯಾಮೆರಾ ಕೆಳಗಿಳಿಸಿ ಸುಮ್ಮನೆ ಮಾತಾಡುತ್ತಾರೆ ಅನ್ನುವುದು ಕಾಣುವುದು ಲೈಟ್ ಹಿಡಿದವರಿಗೇ. ವ್ಯೂಫೈಂಡರಿನಲ್ಲಿ ಮುಖ ಹುದುಗಿಸಿಕೊಂಡವರಿಗೆ ಅದು ಕಾಣಿಸುವುದಿಲ್ಲ.

ಲೈಟ್ ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮುಖ್ಯ ದೂರ. ಬೆಳಕಿನ ದೂರ ಎರಡರಷ್ಟಾದರೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್ (ಬೆಳಕು ಒಮ್ಮೆ ಅರ್ಧವಾದರೆ ಒಂದು ಸ್ಟಾಪ್). ಒಂದೂವರೆ ಮೀಟರ್ ದೂರದಲ್ಲಿದ್ದವರು ಒಂದೇ ಅಡಿ ಹಿಂದೆ ಸರಿದರೂ ಸುಮಾರು ಅರ್ಧ ಸ್ಟಾಪ್ ಹೋಯಿತು. ಫ್ಲ್ಯಾಶ್‌ನ ಪವರನ್ನು ಕೈಯಾರೆ ಹೊಂದಿಸುವ ಮ್ಯಾನುಯಲ್‌ನಲ್ಲಿ ಇಟ್ಟಿದ್ದರೆ ಅದನ್ನು ಸರಿದೂಗಿಸುವವರು ಯಾರೂ ಇಲ್ಲ. ವಧು-ವರರು ನಡೆಯುತ್ತಿದ್ದರೆ ನೀವೂ ಅದೇ ಅಂತರದಲ್ಲಿ ನಡೆಯಬೇಕು. ದೂರ ಬದಲಾದರೆ "ಒಂದು ಹೆಜ್ಜೆ ಹಿಂದೆ ಬಂದೆ" ಎಂದು ಬಾಯಿಬಿಟ್ಟು ಹೇಳಿ, ಛಾಯಾಗ್ರಾಹಕರು ಪವರ್ ಬದಲಿಸಿಕೊಳ್ಳುತ್ತಾರೆ.

ಎರಡನೆಯದು ಎತ್ತರ. ಮುಖಕ್ಕೆ ಸುಮಾರು 45 ಡಿಗ್ರಿ ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಎಂಬುದು ಆರಂಭದ ಲೆಕ್ಕ. ಹತ್ತು ನಿಮಿಷ ಕಳೆಯುವುದರೊಳಗೆ ಕೈ ಸೋತು, ಕೋಲಿನ ತುದಿಯ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಪೆಟ್ಟಿಗೆ) ಗೊತ್ತಿಲ್ಲದೆಯೇ ಎದೆಮಟ್ಟಕ್ಕೆ ಇಳಿದಿರುತ್ತದೆ. ಆಗ ಬೆಳಕು ಗಲ್ಲದ ಕೆಳಗಿನಿಂದ ಬಂದು, ಮೂಗಿನ ನೆರಳು ಹಣೆಗೆ ಏರಿ, ಮದುಮಗ ದೆವ್ವದ ನಾಟಕದ ಪಾತ್ರದಂತೆ ಕಾಣುತ್ತಾನೆ. ಕೋಲಿನ ಬುಡವನ್ನು ಸೊಂಟದ ಬೆಲ್ಟಿಗೆ ಊರಿಕೊಂಡರೆ ಕೈಗೆ ಭಾರ ಕಡಿಮೆ. ಎದುರಿಗಿರುವವರು ಕನ್ನಡಕ ಹಾಕಿದ್ದರೆ ಗಾಜಿನಲ್ಲಿ ಬಿಳಿ ಚೌಕ ಮೂಡುತ್ತದೆ. ಲೈಟನ್ನು ಇನ್ನಷ್ಟು ಮೇಲೆತ್ತಿ, ಅಥವಾ ಪಕ್ಕಕ್ಕೆ ಸರಿಸಿ, ಇಲ್ಲವೇ ಅವರಿಗೆ ಗಲ್ಲ ಸ್ವಲ್ಪ ಕೆಳಗೆ ಮಾಡಲು ಹೇಳಿ.

ಫ್ಲ್ಯಾಶ್ ಹೊಡೆಯಲಿಲ್ಲವೆಂದರೆ ನೋಡುವ ಕ್ರಮ ಒಂದಿದೆ. ಮೊದಲು, ಅದು ನಿದ್ದೆಗೆ ಜಾರಿದೆಯೇ. ಬಹುತೇಕ ಫ್ಲ್ಯಾಶ್‌ಗಳು ಕೆಲ ನಿಮಿಷ ಸುಮ್ಮನಿದ್ದರೆ ತಾವೇ ಆರಿಬಿಡುತ್ತವೆ, ಆ ಆಯ್ಕೆಯನ್ನು ಬೆಳಿಗ್ಗೆಯೇ ತೆಗೆದುಹಾಕಿರಬೇಕು. ಆಮೇಲೆ ಟ್ರಿಗರ್‌ನ (ಕ್ಯಾಮೆರಾದಿಂದ ಫ್ಲ್ಯಾಶ್‌ಗೆ ತಂತಿಯಿಲ್ಲದೆ ಸಂಕೇತ ಕಳಿಸುವ ಸಾಧನ) ಚಾನೆಲ್ ಮತ್ತು ಗ್ರೂಪ್ ಎರಡೂ ಕಡೆ ಒಂದೇ ಇವೆಯೇ. ಕೊನೆಗೆ ಸೆಲ್. ನಾಲ್ಕು ಡಬಲ್ ಎ ಸೆಲ್ ಹಾಕುವ ಫ್ಲ್ಯಾಶ್ ಆದರೆ ರೀಚಾರ್ಜ್ ಆಗುವ ನಿಕಲ್ ಸೆಲ್‌ಗಳನ್ನು ನಾಲ್ಕರ ಕಟ್ಟಾಗಿಯೇ ಇಟ್ಟು, ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಒಂದು ಸೋತ ಸೆಲ್ ಉಳಿದ ಮೂರನ್ನೂ ಎಳೆದು ಮಲಗಿಸುತ್ತದೆ. ಡಬ್ಬಿಯಲ್ಲಿ ಚಾರ್ಜ್ ಆದವು ತಲೆ ಮೇಲೆ, ಖಾಲಿಯಾದವು ತಲೆ ಕೆಳಗೆ. ಈ ಒಂದು ಅಭ್ಯಾಸ ಇಲ್ಲದಿದ್ದರೆ ಕತ್ತಲಲ್ಲಿ ಖಾಲಿ ಸೆಲ್ಲನ್ನೇ ಮತ್ತೆ ಮತ್ತೆ ತುಂಬುತ್ತಿರುತ್ತೀರಿ. ಪೂರ್ಣ ಪವರಿನಲ್ಲಿ ಒಂದೇ ಸಮನೆ ಹೊಡೆದರೆ ಫ್ಲ್ಯಾಶ್ ಬಿಸಿಯಾಗಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಅದು ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಆರಲು ಬಿಟ್ಟು ಇನ್ನೊಂದನ್ನು ಕೊಡಿ.

ಬಯಲಿನಲ್ಲಿ ಛತ್ರಿ ಹಾಕಿದ ಲೈಟ್ ಸ್ಟ್ಯಾಂಡ್ ದೋಣಿಯ ಹಾಯಿ ಇದ್ದಂತೆ. ಮರಳು ಚೀಲ ಕಟ್ಟಿ, ಇಲ್ಲದಿದ್ದರೆ ನೀವೇ ಮರಳು ಚೀಲವಾಗಿ. ಸ್ಟ್ಯಾಂಡ್ ಬಿಟ್ಟು ಐದು ಹೆಜ್ಜೆ ಹೋದರೂ ಸಾಕು, ಮಕ್ಕಳು ಓಡಿಬರುವುದು ಆಗಲೇ.

ಎರಡನೇ ಕ್ಯಾಮೆರಾ ಕೈಗೆ ಬಂದರೆ ಮೊದಲ ನಿಯಮ: ಮುಖ್ಯ ಛಾಯಾಗ್ರಾಹಕರ ಫೋಟೊದಲ್ಲಿ ನೀವು ಕಾಣಬಾರದು. ಇದಕ್ಕೆ ಅವರ ಕ್ಯಾಮೆರಾದಲ್ಲಿ ಯಾವ ಲೆನ್ಸ್ ಇದೆ ಎಂದು ಗೊತ್ತಿರಬೇಕು. ಫುಲ್ ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್ ಅಡ್ಡಡ್ಡಕ್ಕೆ ಸುಮಾರು 54 ಡಿಗ್ರಿ ನೋಡುತ್ತದೆ. ಅಂದಾಜು ಹೀಗೆ ಇಟ್ಟುಕೊಳ್ಳಿ: ಎಷ್ಟು ದೂರವೋ ಅಷ್ಟೇ ಅಗಲ. ನಾಲ್ಕು ಮೀಟರ್ ದೂರದಲ್ಲಿ ನಾಲ್ಕು ಮೀಟರಿಗೂ ಚೂರು ಹೆಚ್ಚು ಅಗಲ ಅದಕ್ಕೆ ಕಾಣುತ್ತದೆ. 85 ಎಂಎಂ ಆದರೆ ಸುಮಾರು 24 ಡಿಗ್ರಿ ಮಾತ್ರ, ಆಗ ನೀವು ಇನ್ನಷ್ಟು ಹತ್ತಿರ ಹೋಗಬಹುದು. ಅವರು ಎದುರಿನಿಂದ ಅಗಲ ಲೆನ್ಸಿನಲ್ಲಿ ತೆಗೆಯುತ್ತಿದ್ದರೆ ನೀವು ಪಕ್ಕದಿಂದ 70-200 ಎಂಎಂ ಜೂಮ್ ಲೆನ್ಸಿನಲ್ಲಿ. ಅವರ ಭುಜದ ಮೇಲಿಂದ ಇಣುಕಿ ಅದೇ ಚಿತ್ರವನ್ನು ತುಸು ಕೆಟ್ಟದಾಗಿ ತೆಗೆಯುವುದರಲ್ಲಿ ಯಾರಿಗೂ ಲಾಭವಿಲ್ಲ. ಅವರು ವಧು-ವರರನ್ನು ನೋಡುತ್ತಿರುವಾಗ ನೀವು ಅಪ್ಪ-ಅಮ್ಮಂದಿರನ್ನು ನೋಡಿ. ಅಜ್ಜಿಯ ಕೈ, ಹಿಂದಿನ ಸಾಲಿನ ಗೆಳೆಯರ ನಗು, ಜನ ತುಂಬುವ ಮೊದಲಿನ ಖಾಲಿ ಸಭಾಂಗಣ, ಇವು ಅವರಿಗೆ ಸಿಗದ ಚಿತ್ರಗಳು. ಆಲ್ಬಮ್ಮಿನಲ್ಲಿ ನಿಮ್ಮ ಫೋಟೊಗೆ ಜಾಗ ಸಿಗುವುದೂ ಅಲ್ಲೇ.

ಸೆಟ್ಟಿಂಗ್ ವಿಷಯ ಚುಟುಕಾಗಿ. ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್. ನಡೆಯುವವರಿಗೆ ಶಟರ್ 1/200 ಸೆಕೆಂಡಿಗಿಂತ ನಿಧಾನ ಬೇಡ. ಕತ್ತಲಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಉಳಿಸಿಕೊಳ್ಳಬಹುದು, ಅಲುಗಿದ ಚಿತ್ರವನ್ನಲ್ಲ. ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡದೆ ಇಬ್ಬರೂ ಒಂದೇ ಕೆಲ್ವಿನ್ ಸಂಖ್ಯೆ ಹಾಕಿಕೊಂಡರೆ ಎಡಿಟಿಂಗ್‌ನಲ್ಲಿ ಅರ್ಧ ತಲೆನೋವು ಇಲ್ಲ. ಬೀಪ್ ಸದ್ದು, ಫೋಕಸ್‌ಗೆ ಸಹಾಯ ಮಾಡುವ ಕೆಂಪು ದೀಪ ಎರಡೂ ಆಫ್.

ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಗ್ಗೆ ಎಚ್ಚರ. ಬಹುಪಾಲು ಕ್ಯಾಮೆರಾಗಳಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಮಿನುಗುತ್ತಿದ್ದರೆ ಫೋಟೊ ಮೇಲೆ ಅಡ್ಡ ಪಟ್ಟಿಗಳು ಬೀಳುತ್ತವೆ, ಅವನ್ನು ಆಮೇಲೆ ತೆಗೆಯುವುದು ನರಕಯಾತನೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಲ್ಲಿ 1/100 ಅಥವಾ 1/50 ಶಟರ್ ಇಟ್ಟರೆ ಪಟ್ಟಿ ಮಾಯ. 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/125. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಬೇರೆ ಬೇರೆ ವೇಗದಲ್ಲಿ ಮಿನುಗುತ್ತವೆ. ಮೆಕ್ಯಾನಿಕಲ್ ಶಟರಿಗೆ ಮರಳಿ, ಎರಡು ಪರೀಕ್ಷಾ ಫೋಟೊ ತೆಗೆದು, ಹಿಗ್ಗಿಸಿ ನೋಡಿ. ಇದನ್ನು ಅತಿಥಿಗಳು ಬರುವ ಮೊದಲೇ ಮಾಡಿ ಮುಗಿಸಿ.

ಗ್ರೂಪ್ ಫೋಟೊ ಹೊತ್ತಿಗೆ ನಿಮ್ಮ ಕ್ಯಾಮೆರಾ ಕೆಳಗಿರಲಿ. ಎರಡು ಲೆನ್ಸ್ ಎದುರಿಗಿದ್ದರೆ ಅರ್ಧ ಜನ ಇತ್ತ ನೋಡುತ್ತಾರೆ, ಅರ್ಧ ಜನ ಅತ್ತ. ನಿಮ್ಮ ಕೆಲಸ ಪಟ್ಟಿ ಹಿಡಿದು ಮುಂದಿನ ಗುಂಪನ್ನು ಸಿದ್ಧವಾಗಿ ನಿಲ್ಲಿಸುವುದು, ಮಡಚಿದ ಕಾಲರ್ ಸರಿಮಾಡುವುದು, ಹಿಂದಿನ ಸಾಲಿನಲ್ಲಿ ಅರ್ಧ ಮುಖ ಮುಚ್ಚಿಹೋದವರನ್ನು ಪಕ್ಕಕ್ಕೆ ಸರಿಸುವುದು. ಸಂಬಂಧಿಕರ ಹೆಸರು ಗೊತ್ತಿರುವ ಒಬ್ಬರನ್ನು ಮನೆಯವರಿಂದಲೇ ಕೇಳಿ ಪಡೆದುಕೊಳ್ಳಿ, ಇಲ್ಲದಿದ್ದರೆ "ಚಿಕ್ಕಪ್ಪ ಯಾರು?" ಎಂದು ಕೂಗುತ್ತಲೇ ಹೊತ್ತು ಹೋಗುತ್ತದೆ. ಎರಡು-ಮೂರು ಸಾಲಿದ್ದರೆ ಎಲ್ಲ ಸಾಲೂ ಸ್ಪಷ್ಟವಾಗಿರಲು ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6ರಿಂದ ಎಫ್ 8ರ ನಡುವೆ. 24 ಎಂಎಂನಲ್ಲಿ ಎಲ್ಲರನ್ನೂ ತುರುಕಿದರೆ ಅಂಚಿನಲ್ಲಿ ನಿಂತವರು ದಪ್ಪಗೆ ಹಿಗ್ಗುತ್ತಾರೆ. ಅಂಚಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ ಆಮೇಲೆ ದೂರು ಹೇಳುವವರೇ. ಜಾಗವಿದ್ದರೆ ಹಿಂದೆ ಸರಿದು 35 ಅಥವಾ 50 ಬಳಸುವುದು ವಾಸಿ.

ಎಷ್ಟು ಸಲ ಕ್ಲಿಕ್ಕಿಸಿದರೆ ಎಲ್ಲರ ಕಣ್ಣೂ ತೆರೆದಿರುವ ಒಂದು ಚಿತ್ರ ಸಿಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ಎಂಬ ವಿಜ್ಞಾನ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕಹಾಕಿ 2006ರಲ್ಲಿ ಗಣಿತದ ಇಗ್ ನೊಬೆಲ್ (ಮೊದಲು ನಗಿಸಿ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ) ಪಡೆದರು. ಜನ 20ಕ್ಕಿಂತ ಕಡಿಮೆ ಇದ್ದರೆ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಡಿಮೆಯಿದ್ದರೆ ಎರಡರಿಂದ. ಹನ್ನೆರಡು ಜನರಿಗೆ ನಾಲ್ಕು, ಮಂದ ಬೆಳಕಲ್ಲಿ ಆರು. ಮುಖ್ಯ ಛಾಯಾಗ್ರಾಹಕರು ಎರಡೇ ಕ್ಲಿಕ್ಕಿಗೆ "ಆಯ್ತು" ಅಂದರೆ ಮೆಲ್ಲಗೆ "ಇನ್ನೆರಡು ಇರಲಿ" ಅನ್ನುವುದು ಅಧಿಕಪ್ರಸಂಗವಲ್ಲ.

ಕಾರ್ಡ್. ಎರಡು ಸ್ಲಾಟ್ ಇದ್ದರೆ ಎರಡರಲ್ಲೂ ಒಂದೇ ಫೋಟೊ ಉಳಿಯುವಂತೆ ಇಡಿ. ಒಂದು ತುಂಬಿದ ಮೇಲೆ ಇನ್ನೊಂದು ಅನ್ನುವ ಆಯ್ಕೆ ಮದುವೆಗೆ ಸಲ್ಲದು. 30 ಎಂಬಿ ತೂಗುವ ರಾ ಫೈಲ್ ಆದರೆ 64 ಜಿಬಿ ಕಾರ್ಡಿಗೆ ಸುಮಾರು ಎರಡು ಸಾವಿರ ಹಿಡಿಸುತ್ತದೆ. ಫಾರ್ಮ್ಯಾಟ್ ಹಿಂದಿನ ದಿನ ಮಾಡಿ, ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ. ಮದುವೆ ನಡೆಯುವಾಗ ಕೆಟ್ಟ ಫೋಟೊ ಹುಡುಕಿ ಅಳಿಸುತ್ತ ಕೂರಬೇಡಿ. ಅವಸರದಲ್ಲಿ ಒಳ್ಳೆಯದೇ ಹೋಗುತ್ತದೆ, ಅಷ್ಟರಲ್ಲಿ ಎದುರಿಗಿನ ಕ್ಷಣವೂ ಹೋಗಿರುತ್ತದೆ. ತುಂಬಿದ ಕಾರ್ಡ್ ಬ್ಯಾಗಿನಲ್ಲಲ್ಲ, ಮೈಮೇಲೆ, ಗುಂಡಿ ಹಾಕುವ ಜೇಬಿನಲ್ಲಿ. ಬ್ಯಾಗು ಕಳೆಯಬಹುದು, ನೀವು ಕಳೆಯುವುದಿಲ್ಲ.

ರಾತ್ರಿ ಎಷ್ಟೇ ಹೊತ್ತಾಗಿರಲಿ, ಮಲಗುವ ಮೊದಲು ಎರಡು ಬೇರೆ ಡ್ರೈವ್‌ಗಳಿಗೆ ಪ್ರತಿ ಹೋಗಬೇಕು. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಲೆಕ್ಕ ಇಲ್ಲಿ ಸರಿಹೊಂದುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಮುಖ್ಯ ಛಾಯಾಗ್ರಾಹಕರು ಹೇಳುವತನಕ ಕಾರ್ಡ್ ಫಾರ್ಮ್ಯಾಟ್ ಮಾಡುವ ಮಾತಿಲ್ಲ. ಅಂದ ಹಾಗೆ, ಫೋಟೊಗಳನ್ನು ನಿಮ್ಮ ಪುಟದಲ್ಲಿ ಹಾಕಿಕೊಳ್ಳುವ ಆಸೆ ಇದ್ದರೆ ಅದನ್ನೂ ಮೊದಲೇ ಕೇಳಿ. ವಧು-ವರರಿಗೆ ಆಲ್ಬಮ್ ತಲುಪುವ ಮುಂಚೆ ಸಹಾಯಕರ ಫೋನಿನಿಂದ ಅವರ ಚಿತ್ರ ಊರೆಲ್ಲ ತಿರುಗುವುದು ಸರಿಯಲ್ಲ, ನನಗಂತೂ ಇದರಲ್ಲಿ ಎರಡನೇ ಮಾತಿಲ್ಲ.

ಕೊನೆಗೊಂದು, ಹೆಚ್ಚಿನವರು ಎಡವುವ ಜಾಗ. ತಪ್ಪಾದರೆ ಆ ಕ್ಷಣವೇ ಹೇಳಿ. ಫೋಕಸ್ ತಪ್ಪಿದೆ, ಪಟ್ಟಿ ಬಿದ್ದಿದೆ, ಕಾರ್ಡ್ ಎರರ್ ತೋರಿಸುತ್ತಿದೆ, ಯಾವುದೇ ಇರಲಿ. ಬೈಸಿಕೊಳ್ಳುವ ಭಯಕ್ಕೆ ಮನೆಗೆ ಹೋದ ಮೇಲೆ ಹೇಳಿದರೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ವಧು-ವರರು ಅಲ್ಲೇ ಇರುವಾಗ ಹೇಳಿದರೆ ಕೈಗಳ ಹತ್ತಿರದ ಚಿತ್ರವನ್ನೋ ಅಪ್ಪ-ಅಮ್ಮನ ಜೊತೆಗಿನದನ್ನೋ ಐದು ನಿಮಿಷದಲ್ಲಿ ಮತ್ತೆ ತೆಗೆಯಬಹುದು. ಎರರ್ ಬಂದ ಕಾರ್ಡಿಗೆ ಮತ್ತೊಂದು ಫೋಟೊ ಕೂಡ ಬರೆಯಬೇಡಿ. ಹೊಸ ಫೋಟೊ ಹಳೆಯದರ ಮೇಲೆ ಕೂರದಿದ್ದರೆ ರಿಕವರಿ ಸಾಫ್ಟ್‌ವೇರಿನಲ್ಲಿ ಮರಳಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಹೊರತೆಗೆದು, ಬೇರೆಯಾಗಿಟ್ಟು, ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಇಷ್ಟು ಹೇಳಿ: "ಎರಡನೇ ಸ್ಲಾಟ್ ಕಾರ್ಡ್ ಎರರ್ ಬಂತು, ತೆಗೆದಿಟ್ಟಿದ್ದೇನೆ. ವಧು ಒಳಗೆ ಬಂದಲ್ಲಿಂದ ಗ್ರೂಪ್ ಫೋಟೊ ಶುರುವಾಗುವವರೆಗಿನದು ಅದರಲ್ಲಿದೆ. ಮೊದಲನೇ ಸ್ಲಾಟ್ ಸರಿಯಿದೆ."